ಇನ್ನೊಂದು ಸುತ್ತು

ಬೋಲ್ಟು ಆಗಲೇ ಬಿಗಿಯಾಗಿತ್ತು. ಅಷ್ಟಕ್ಕೇ ಬಿಟ್ಟು ಕಾರಿನ ಅಡಿಯಿಂದ ಹೊರಗೆ ಬಂದಿದ್ದರೆ ಕೃಷ್ಣಪ್ರಸಾದ ಆ ಶನಿವಾರ ನೆಮ್ಮದಿಯಾಗಿ ಉಪ್ಪಿಟ್ಟು ತಿಂದು ಪೇಪರು ಓದುತ್ತಿದ್ದ. ಆದರೆ ಬಾಗಿಲಿಗೆ ಬೀಗ ಹಾಕಿ ಜಗ್ಗಿ ನೋಡಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಜಗ್ಗಿ ನೋಡುವ ಪೈಕಿ ಅವನು. ಕಂಪನಿಯವರು ಸರ್ವೀಸಿನಲ್ಲಿ ಆಯಿಲ್ ಬದಲಾಯಿಸಿಯೇ ಇರಲಾರರು ಎಂಬ ಅನುಮಾನದಿಂದ ಬೆಳಿಗ್ಗೆ ಎದ್ದು ತಾನೇ ಹಳೇ ಆಯಿಲ್ ಇಳಿಸಿ, ಬೋಲ್ಟು ಬಿಗಿದು, ಹೊಸದನ್ನು ತುಂಬಿದ್ದ. ತುಂಬಿದ ಮೇಲೆ ತಾನು ಬಿಗಿದ ಬೋಲ್ಟಿನ ಮೇಲೇ ಅನುಮಾನ ಬಂತು. ‘ಇನ್ನೊಂದು ಸುತ್ತು ಇರಲಿ’ ಎಂದು ಮತ್ತೆ ಅಡಿಗೆ ನುಗ್ಗಿ, ಎರಡೂ ಕೈ ಕೊಟ್ಟು ಸ್ಪ್ಯಾನರು ಎಳೆದ.

ಒಳಗೆಲ್ಲೋ ಕಟಕ್ ಎಂದಿತು. ಆಮೇಲೆ ಬೋಲ್ಟು ಬಲಕ್ಕೂ ತಿರುಗಿತು, ಎಡಕ್ಕೂ ತಿರುಗಿತು, ಎತ್ತ ತಿರುಗಿಸಿದರೂ ಬೇಸರವಿಲ್ಲದೆ ತಿರುಗುತ್ತಲೇ ಹೋಯಿತು. ಎಂಜಿನ್ನಿನ ತಳದ ಆಯಿಲ್ ಚೇಂಬರಿನಲ್ಲಿ ಅದು ಕಚ್ಚಿಕೊಳ್ಳಬೇಕಾದ ತಿರುಪಿನ ಗೆರೆ, ಆ ಥ್ರೆಡ್ಡೇ ಕಿತ್ತುಹೋಗಿತ್ತು. ಹೊಸ ಆಯಿಲ್ಲು ಒಂದೊಂದೇ ಹನಿಯಾಗಿ ಅವನ ಹಣೆಯ ಮೇಲೆ ಬೀಳತೊಡಗಿತು.

ಬೇರೆ ಯಾವ ದಿನವಾಗಿದ್ದರೂ ಇದೊಂದು ದೊಡ್ಡ ವಿಷಯವಲ್ಲ. ಆದರೆ ಕೃಷ್ಣಪ್ರಸಾದನ ಗೊಬ್ಬರದ ಕಂಪನಿ ಅವನನ್ನು ವಿಜಯವಾಡದಿಂದ ದಾವಣಗೆರೆಗೆ ವರ್ಗ ಮಾಡಿತ್ತು. ಮಾರನೆಯ ಬೆಳಿಗ್ಗೆ ಸಾಮಾನು ಹೊರಲು ಲಾರಿ ಬರುವುದಿತ್ತು. ಆಂಧ್ರದ ನಂಬರಿನ ಗಾಡಿಯನ್ನು ಕರ್ನಾಟಕಕ್ಕೆ ಒಯ್ದರೆ ಅಲ್ಲಿ ಮತ್ತೊಮ್ಮೆ ತೆರಿಗೆ ಕಟ್ಟಬೇಕು. ಆದ್ದರಿಂದ ಕಾರನ್ನು ಇಲ್ಲೇ ಮಾರಲೇಬೇಕು. ಕೊಳ್ಳುವವರು ಬಂದಿರಲಿಲ್ಲವೆಂದಲ್ಲ, ಬಂದಿದ್ದರು. ಬಂದವರನ್ನೆಲ್ಲ ಕೃಷ್ಣಪ್ರಸಾದ, “ಊರಲ್ಲಿ ಇಷ್ಟೊಂದು ಕಾರಿರುವಾಗ ನನ್ನದೇ ಯಾಕೆ ಬೇಕು ನಿಮಗೆ?” ಎಂದು ಪೊಲೀಸರ ಹಾಗೆ ವಿಚಾರಿಸಿ ಓಡಿಸಿದ್ದ. ಉಳಿದವನು ಒಬ್ಬನೇ. ವಿಶಾಖಪಟ್ಟಣದ ಹತ್ತಿರ ಅಚ್ಯುತಾಪುರಂನ ಔಷಧಿ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಬ್ಬಳ್ಳಿಯ ಹುಡುಗ ಆದರ್ಶ್. ಕನ್ನಡ ಸಂಘದ ವಾಟ್ಸಾಪ್ ಗುಂಪಿನಲ್ಲಿ ನೋಡಿ, ಈ ಹೊತ್ತು ಮಧ್ಯಾಹ್ನದ ರೈಲಿಗೆ ಬರುತ್ತೇನೆಂದಿದ್ದ.

ಅವನೂ ಬೇಡವೆಂದರೆ ಕಾರು ಹೋಗುವುದು ಮಾವನ ಮನೆಗೆ. ಮಾವ ದಕ್ಷಿಣಾಮೂರ್ತಿ ಮೂರು ತಲೆಮಾರಿನಿಂದ ಇದೇ ಊರಿನ ಗವರ್ನರ್‌ಪೇಟೆಯಲ್ಲಿ ನೆಲೆ ನಿಂತ ಕನ್ನಡದ ಮನೆಯವರು. ಕನ್ನಡ ಅಡಿಗೆಮನೆಯಲ್ಲಿ, ತೆಲುಗು ಹಜಾರದಲ್ಲಿ. ವರ್ಗದ ಸುದ್ದಿ ಕಿವಿಗೆ ಬಿದ್ದಂದಿನಿಂದ ದಿನಾ ಬಂದು ಬಾನೆಟ್ಟು ಸವರಿ, “ಮಾರಾಟ ಆಗದಿದ್ರೆ ಪರ್ವಾಲೇದು ಅಲ್ಲುಡುಗಾರೂ, ನಮ್ಮ ಮನೆ ಮುಂದೆ ನಿಲ್ಲಿಸಿ ಹೋಗಿ. ನಾನು ನೋಡ್ಕೋತೀನಿ” ಎನ್ನುತ್ತಿದ್ದರು. ಅಳಿಯನನ್ನು ತೆಲುಗಿನಲ್ಲಿ ಅಷ್ಟು ಗೌರವದಿಂದ ಕರೆಯುವವರಿಗೆ ಕಾರಿನ ಮೇಲೆ ಕಣ್ಣಿರದೆ ಇರಲು ಸಾಧ್ಯವೇ ಇಲ್ಲವೆಂದು ಕೃಷ್ಣಪ್ರಸಾದನ ಖಚಿತ ನಂಬಿಕೆ. ಅವನು ಖಚಿತವಾಗಿ ನಂಬಿದ್ದ ಸಂಗತಿ ಪ್ರಪಂಚದಲ್ಲಿ ಅದೊಂದೇ ಇರಬೇಕು.

“ಏಮಯ್ಯಾ, ಎರಡು ಕಾಲು ಮಾತ್ರ ಕಾಣ್ತಿದೆ. ಬದುಕಿದ್ದೀಯಾ?”

ನೆಲಮಹಡಿಯ ಸೂರ್ಯಕಾಂತಮ್ಮನವರ ದನಿ. ಪಾರ್ಕಿಂಗಿನ ಬಾಯಿಗೇ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಗೋರಿಕಾಯಿ ಬಿಡಿಸುತ್ತ ಇಡೀ ಅಪಾರ್ಟ್‌ಮೆಂಟಿನ ಆಗುಹೋಗು ನೋಡಿಕೊಳ್ಳುವ ಹಿರಿಯರು. ಅವರ ತೆಲುಗಿಗೆ ಕೃಷ್ಣಪ್ರಸಾದ ತನಗೆ ಬಂದಷ್ಟು ತೆಲುಗಿನಲ್ಲಿ, “ಏನಿಲ್ಲ ಅಮ್ಮಾ, ಸುಮ್ಮನೆ” ಎಂದ.

“ಸುಮ್ಮನೆ ಯಾರಾದರೂ ಕಾರಿನ ಅಡಿ ಮಲಗ್ತಾರಾ? ಉಮಾ! ಉಮಾದೇವೀ! ನಿನ್ನ ಗಂಡನನ್ನು ನೋಡು ಬಾ!”

ಉಮಾದೇವಿ ಕೈಯಲ್ಲಿ ಸೌಟು ಹಿಡಿದೇ ಇಳಿದು ಬಂದಳು. ಗಂಡನ ಮುಖದ ಮೇಲಿನ ಆಯಿಲ್ಲು ನೋಡಿದಳು, ನೆಲದ ಮೇಲಿನ ಕಲೆ ನೋಡಿದಳು.

“ಏನ್ರೀ ಮಾಡ್ಕೊಂಡ್ರಿ?”

“ಥ್ರೆಡ್ಡು ಹೋಯ್ತು ಕಣೇ. ಯಾರಿಗೂ ಹೇಳ್ಬೇಡ. ಆ ಹುಡುಗ ಬರೋದ್ರೊಳಗೆ ರಿಪೇರಿ ಮಾಡಿಸ್ಕೊಂಡು ಬರ್ತೀನಿ.”

“ಹೇಳಿಬಿಟ್ರೆ ಏನಂತೆ? ಬೋಲ್ಟು ಹೋಗಿತ್ತು, ಸರಿಮಾಡಿಸಿದೀವಿ ಅಂದ್ರೆ ಆಯ್ತಪ್ಪ.”

“ಹುಚ್ಚೀನಾ? ಬೋಲ್ಟು ಹೋಗಿತ್ತು ಅಂದ್ರೆ ಎಂಜಿನ್ನೇ ಹೋಗಿದೆ ಅನ್ಕೋತಾನೆ. ನಾನಾಗಿದ್ರೆ ಹಾಗೇ ಅನ್ಕೋತಿದ್ದೆ.”

ಮಾತು ನಿಜವಾದ್ದರಿಂದ ಉಮಾದೇವಿ ಕಲೆ ತಿಕ್ಕಲು ಬ್ರಷ್ಷು ತರಹೋದಳು. ಹನಿ ನಿಲ್ಲಿಸಲು ಬಟ್ಟೆ ಸೋಪನ್ನು ಕಲಸಿ ಮೆತ್ತು ಎಂದು ಸೂರ್ಯಕಾಂತಮ್ಮ ಕುಳಿತಲ್ಲಿಂದಲೇ ಹೇಳಿದರು. ಅವರ ಯಜಮಾನರು ಲಾರಿ ಇಟ್ಟಿದ್ದರಂತೆ. ಇವರಿಗೆ ಆಯಿಲ್ ಸೋರುವುದು ಗೊತ್ತಾದದ್ದು ಹೇಗೆ ಎಂದು ಅನುಮಾನಿಸುತ್ತಲೇ ಕೃಷ್ಣಪ್ರಸಾದ ಸೋಪು ಮೆತ್ತಿದ.

ಅಪಾರ್ಟ್‌ಮೆಂಟಿನವರೆಲ್ಲ ಹೋಗುವ ಗ್ಯಾರೇಜು ಬೆಂಜ್ ಸರ್ಕಲ್ಲಿನ ಹತ್ತಿರವೇ ಇತ್ತು. ಅಲ್ಲಿಗೆ ಹೋದರೆ ಸುದ್ದಿ ಅವನಿಗಿಂತ ಮೊದಲು ಮನೆ ಸೇರುತ್ತದೆ. ಅವನು ಗ್ಯಾರೇಜುಗಳೇ ತುಂಬಿದ ಆಟೋನಗರಕ್ಕೆ ಹೊರಟ. ಫ್ಲೈಓವರಿನ ಕೆಲಸ ನಡೆದು ಸರ್ಕಲ್ಲಿನಲ್ಲಿ ಗಾಡಿಗಳು ಕದಲುತ್ತಿರಲಿಲ್ಲ. ಪಕ್ಕಕ್ಕೆ ಬಂದ ಬೈಕಿನವನು ಕಿಟಕಿ ಬಡಿದು, “ಸಾರ್, ಆಯಿಲ್ ಲೀಕ್!” ಎಂದ. ಹೀಗೆ ಹೇಳಿ ಗಾಡಿ ನಿಲ್ಲಿಸಿ, ಇಳಿದವನ ಬ್ಯಾಗು ಎಗರಿಸುವ ಗ್ಯಾಂಗುಗಳ ಬಗ್ಗೆ ಕೃಷ್ಣಪ್ರಸಾದ ಪೇಪರಿನಲ್ಲಿ ಓದಿದ್ದ. ಕೂಡಲೇ ಗಾಜು ಏರಿಸಿ ಬಾಗಿಲು ಲಾಕ್ ಮಾಡಿಕೊಂಡ. ‘ಲೀಕ್ ಆಗ್ತಿರೋದು ನನಗೆ ಗೊತ್ತು. ಇವನಿಗೆ ಹೇಗೆ ಗೊತ್ತು?’ ಎಂದು ಯೋಚಿಸಿದ. ಮುಂದೆ ಒಬ್ಬ ಆಟೋದವನು ಹೇಳಿದ, ಒಬ್ಬಳು ಹೂವಿನವಳು ಹೇಳಿದಳು. ಇಷ್ಟು ದೊಡ್ಡ ಗ್ಯಾಂಗು ಊರಿನಲ್ಲಿ ಇದೆಯೆಂದು ಅವನಿಗೆ ತಿಳಿದಿರಲಿಲ್ಲ.

ಆಟೋನಗರದಲ್ಲಿ ಬೋರ್ಡು ಇದ್ದ ಅಂಗಡಿಗಳನ್ನೆಲ್ಲ ದಾಟಿದ. ಬೋರ್ಡು ಇದ್ದಲ್ಲಿಗೆ ಪರಿಚಯದವರು ಬರುತ್ತಾರೆ. ಕಟ್ಟಕಡೆಯ ಗಲ್ಲಿಯ ಕಟ್ಟಕಡೆಯ ಶೆಡ್ಡು, ಅದರಾಚೆಗೆ ಎಮ್ಮೆಗಳು ಮಾತ್ರ. ಅಲ್ಲಿ ಒಬ್ಬ ದಪ್ಪ ಮೀಸೆಯ ಮೆಕ್ಯಾನಿಕ್ಕು ಟೈರಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಕಾರಿನ ಅಡಿ ಬಗ್ಗಿ ನೋಡಿ, ಸೋಪು ಮುಟ್ಟಿ, ಮೂಸಿ, ತೆಲುಗಿನಲ್ಲಿ “ಆಗುತ್ತೆ” ಎಂದಷ್ಟೇ ಹೇಳಿದ.

ಅಷ್ಟರಲ್ಲಿ ಉಮಾದೇವಿಯ ಫೋನು ಬಂತು. ಕೃಷ್ಣಪ್ರಸಾದ ನಿರ್ಭಯವಾಗಿ ಕನ್ನಡದಲ್ಲಿ, “ಸಿಕ್ಕಿದಾನೆ ಒಬ್ಬ. ಮೀಸೆ ನೋಡಿದ್ರೆ ಪಕ್ಕಾ ಕಳ್ಳ. ಕಣ್ಣು ಮಿಟುಕಿಸಿದ್ರೆ ಒಳ್ಳೇ ಸಾಮಾನು ಎತ್ತಿಟ್ಕೊಂಡು ಹಳೇದು ಹಾಕ್ತಾನೆ, ಅದಕ್ಕೇ ಜೊತೇಲೇ ಇರ್ತೀನಿ” ಎಂದ.

“ಕಣ್ಣು ಮಿಟುಕಿಸಿ ಸಾರ್, ಪರ್ವಾಲೇದು” ಎಂದ ಮೆಕ್ಯಾನಿಕ್ಕು ಕನ್ನಡದಲ್ಲೇ. “ನಮ್ಮ ಮನೆಯೋಳು ಸಿರಗುಪ್ಪದೋಳು. ನಾನೂ ಬಳ್ಳಾರಿಯಾಗೆ ಕೆಲಸ ಕಲ್ತೋನು. ನನ್ ಹೆಸರು ವೆಂಕಟರಮಣ. ಮೀಸೆ ನಮ್ಮಪ್ಪನ ಕಡೇದು.”

ಕೃಷ್ಣಪ್ರಸಾದನ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ನಾಚಿಕೆಗಿಂತ ಅನುಮಾನ ದೊಡ್ಡದು. ವೆಂಕಟರಮಣ ಕಾರಿನಡಿಗೆ ಹೋದಾಗ ಅವನೂ ಹೋದ. ಆ ಸಣ್ಣ ಕಾರಿನಡಿ ಇಬ್ಬರು ಗಂಡಸರು ಭುಜಕ್ಕೆ ಭುಜ ಒತ್ತಿಕೊಂಡು ಅಂಗಾತ ಮಲಗಿದರು. ಆಯಿಲ್ಲನ್ನು ಬೋಗುಣಿಗೆ ಇಳಿಸಿದಾಗ, ಅದೇ ಆಯಿಲ್ಲು ವಾಪಸು ಬೇಕೆಂದು ಕೃಷ್ಣಪ್ರಸಾದ ಬೋಗುಣಿಯನ್ನು ತನ್ನ ಪಕ್ಕಕ್ಕೆ ಎಳೆದುಕೊಂಡ. ವೆಂಕಟರಮಣ ಡ್ರಿಲ್ಲಿನ ಮೂತಿಗೆ ಗ್ರೀಸು ಬಳಿದ.

“ಅದ್ಯಾಕೆ ಗ್ರೀಸು?”

“ಕೊರೆದ ಪುಡಿ ಒಳಗೆ ಬೀಳಬಾರದು ಸಾರ್. ಗ್ರೀಸಿಗೆ ಅಂಟ್ಕೊಂಡು ಬರ್ತೈತೆ.”

“ಇರೋ ತೂತನ್ನ ದೊಡ್ಡದು ಮಾಡ್ತೀರಾ? ಸೋರ್ತಿರೋದೇ ತೂತಿಂದ!”

“ಹಳೇ ಥ್ರೆಡ್ಡು ಪೂರ್ತಿ ತೆಗೆದು, ದೊಡ್ಡ ಥ್ರೆಡ್ಡು ಹೊಡೆದು, ಒಳಗೆ ಕಾಯಿಲ್ ಕೂರಿಸ್ತೀನಿ. ನಿಮ್ಮ ಬೋಲ್ಟು ಕಾಯಿಲಿಗೆ ಕಚ್ಚತೈತೆ. ಹೊಸದಕ್ಕಿಂತ ಗಟ್ಟಿ.”

ತೋರಿಸಿದ ಕಾಯಿಲು ಸಣ್ಣ ಉಕ್ಕಿನ ತಂತಿಯ ಸುರುಳಿ. ಕೃಷ್ಣಪ್ರಸಾದ ಅದನ್ನು ಮೊಬೈಲ್ ಬೆಳಕಿಗೆ ಹಿಡಿದು, “ಇದು ಬಾಲ್‌ಪೆನ್ನಿನ ಸ್ಪ್ರಿಂಗಲ್ವಾ?” ಎಂದ. ವೆಂಕಟರಮಣ ಗೆರೆ ಕೊರೆಯುವ ಟ್ಯಾಪಿನ ಹಿಡಿಯನ್ನು ಅರ್ಧ ಸುತ್ತು ಮುಂದೆ, ಸ್ವಲ್ಪ ಹಿಂದೆ, ಮತ್ತೆ ಅರ್ಧ ಸುತ್ತು ಮುಂದೆ ತಿರುಗಿಸುತ್ತ ಥ್ರೆಡ್ಡು ಹೊಡೆದ. ಕಾಯಿಲ್ ಕೂರಿಸಿದ. ಕೊನೆಗೆ ಅದರ ತುದಿಯಲ್ಲಿದ್ದ ಚಿಕ್ಕ ಕೊಕ್ಕೆಯನ್ನು ಟಕ್ಕನೆ ಮುರಿದು ಚಿಮಟದಲ್ಲಿ ಹೊರಗೆ ತೆಗೆದ.

“ಮುರಿದುಬಿಟ್ರಲ್ರೀ!” ಎಂದು ಕೃಷ್ಣಪ್ರಸಾದ ಎದ್ದು ಕೂರಲು ಹೋಗಿ ಹಣೆಯನ್ನು ಸೈಲೆನ್ಸರಿಗೆ ಹೊಡೆದುಕೊಂಡ.

“ಅದು ಮುರಿಯೋದಕ್ಕೇ ಇರೋದು ಸಾರ್. ಕೂರಿಸೋತನಕ ಹಿಡ್ಕೊಳೋಕೆ ಬೇಕು, ಆಮೇಲೆ ಬೇಡ.”

ಬೋಲ್ಟು ಹಾಕಿ, ಆಯಿಲ್ ತುಂಬಿ, ಎಂಜಿನ್ ಓಡಿಸಿ ನೋಡಿದರೆ ಒಂದು ಹನಿ ಇಲ್ಲ. ಕೆಲಸ ಮುಗಿದಾಗ ವೆಂಕಟರಮಣನೇ ಕಣ್ಣು ಕಿರಿದು ಮಾಡಿ ಕೇಳಿದ: “ಸಾರ್, ತಪ್ಪು ತಿಳೀಬೇಡಿ. ಗಾಡಿ ನಿಮ್ಮದೇ ತಾನೇ? ಬಂದಾಗಿನಿಂದ ರಸ್ತೆ ಕಡೆ ನೋಡ್ತಾ ಇದೀರಿ.”

ಕೃಷ್ಣಪ್ರಸಾದ ವಿಷಯ ಹೇಳಲೇಬೇಕಾಯಿತು. ಗಾಡಿ ಮಾರುವುದಿದೆ, ಬೋಲ್ಟಿನ ವಿಷಯ ಹೊರಗೆ ಹೋಗಬಾರದು, ಈ ಗಾಡಿ ಈ ಶೆಡ್ಡಿಗೆ ಬಂದೇ ಇಲ್ಲ, ತನ್ನನ್ನು ವೆಂಕಟರಮಣ ನೋಡಿಯೇ ಇಲ್ಲ. ಬರೀ ಮಾತು ಸಾಲದೆ, ಶೆಡ್ಡಿನ ಗೋಡೆಯ ಮೇಲಿದ್ದ ಕನಕದುರ್ಗೆಯ ಪಟದ ಮುಂದೆ ಅವನನ್ನು ನಿಲ್ಲಿಸಿದ. ವೆಂಕಟರಮಣ ಕೈ ಒರೆಸಿಕೊಂಡು, “ಬೆಟ್ಟದ ಮೇಲಿನ ದುರ್ಗಮ್ಮನ ಆಣೆ, ಯಾರಿಗೂ ಹೇಳಲ್ಲ” ಎಂದ.

“ಸರಿ. ಈಗ ಹೇಳಿ, ಈ ಬೋಲ್ಟು ಯಾರು ರಿಪೇರಿ ಮಾಡಿದ್ದು?”

“ನಾನೇ ಸಾರ್.”

“ನೋಡಿದ್ರಾ! ಆಗಲೇ ಹೇಳಿಬಿಟ್ರಿ!”

“ನಿಮಗೇ ಅಲ್ಲವಾ ಸಾರ್ ಹೇಳಿದ್ದು!”

“ನನಗೂ ಹೇಳಬಾರದು. ಕೇಳೋರು ನನ್ನ ಪಕ್ಕದಲ್ಲೇ ನಿಂತಿರಬಹುದು. ಯಾರು ಕೇಳಿದ್ರೂ ಇಲ್ಲ ಅಂದ್ರೆ ಇಲ್ಲ!”

ವೆಂಕಟರಮಣ ಮತ್ತೊಮ್ಮೆ ಪಟಕ್ಕೆ ಕೈ ಮುಗಿದು, “ಆಗಲಿ ಸಾರ್. ನಾನು ಮಾತಿಗೆ ತಪ್ಪೋನಲ್ಲ” ಎಂದ.

ಕೃಷ್ಣಪ್ರಸಾದ ಮನೆ ಮುಟ್ಟಿದಾಗ ಪಾರ್ಕಿಂಗಿನ ಆಯಿಲ್ ಕಲೆ ಎಷ್ಟು ತಿಕ್ಕಿದರೂ ಹೋಗದೆ, ಉಮಾದೇವಿ ಕೊನೆಗೆ ಅದರ ಮೇಲೆ ಅಗಲವಾದ ರಂಗೋಲಿ ಹಾಕಿ ಮುಚ್ಚಿದ್ದಳು. ಮಾವ ಬಿಳಿ ಪಂಚೆ ಉಟ್ಟು ಸೂರ್ಯಕಾಂತಮ್ಮನವರ ಪಕ್ಕ ಇನ್ನೊಂದು ಕುರ್ಚಿಯಲ್ಲಿ ಕುಳಿತಿದ್ದರು. “ವ್ಯಾಪಾರದ ಹೊತ್ತಿಗೆ ಹಿರಿಯರು ಒಬ್ಬರು ಇರಲಿ ಅಂತ ಬಂದೆ ಅಲ್ಲುಡುಗಾರೂ” ಎಂದರು. ಸ್ವಲ್ಪ ಹೊತ್ತಿಗೆ ಬೆನ್ನಿಗೆ ಬ್ಯಾಗು ಹಾಕಿಕೊಂಡು ಆದರ್ಶ್ ಬಂದ. ಬಂದವನು ನೀರು ಕುಡಿಯುವ ಮೊದಲೇ ಕಾರಿನ ಬಾಗಿಲ ಸಂದಿಗಳಲ್ಲಿ ಉಗುರು ಆಡಿಸಿದ.

“ವೈಜಾಗಿನ ಗಾಡಿ ನಂಬಾಂಗಿಲ್ರಿ ಸರ. ಸಮುದ್ರದ ಗಾಳಿಗೆ ಒಳಗ ತುಕ್ಕು ಹಿಡಿದಿರ್ತಾವ. ಅದಕ್ಕ ಇಲ್ಲಿತನಕ ಬಂದೀನಿ. ಖರೇ ಹೇಳ್ರಿ, ಯಾಕ ಮಾರಾಕತ್ತೀರಿ?”

“ನೀವು ಯಾಕೆ ತಗೋತಿದೀರಿ?” ಎಂದ ಕೃಷ್ಣಪ್ರಸಾದ, ಅಭ್ಯಾಸ ಬಲದಿಂದ. ಉಮಾದೇವಿ ಕೆಮ್ಮಿದಳು. “ಟ್ರಾನ್ಸ್‌ಫರ್ ಆಗಿದೆ, ಅದಕ್ಕೆ. ಎಂಜಿನ್ ಒಮ್ಮೆಯೂ ಬಿಚ್ಚಿಲ್ಲ” ಎಂದು ಅವನು ತಿದ್ದಿಕೊಂಡ.

ಆದರ್ಶನ ಕಣ್ಣು ನೆಲಕ್ಕೆ ಹೋಯಿತು. “ಪಾರ್ಕಿಂಗ್‌ನ್ಯಾಗ ರಂಗೋಲಿ ಯಾಕ್ರಿ ಅಕ್ಕಾರ?”

“ಶುಕ್ರವಾರ ಅಲ್ವಾ” ಎಂದಳು ಉಮಾದೇವಿ.

“ಇವತ್ತ ಶನಿವಾರ ಅಲ್ರಿ?”

“ನಿನ್ನೇದು.”

ಆದರ್ಶ್ ರಂಗೋಲಿಯನ್ನು ಇನ್ನೂ ಸ್ವಲ್ಪ ಹೊತ್ತು ನೋಡಿ, ಬಾನೆಟ್ಟು ಎತ್ತಿಸಿದ. ಎಂಜಿನ್ನಿನ ಸದ್ದು ಕೇಳಿದ, ಹೊಗೆ ಮೂಸಿದ, ಒಂದು ಸುತ್ತು ಓಡಿಸಿಯೂ ನೋಡಿದ. ಅವನ ಮುಖ ಸಡಿಲವಾಗುತ್ತ ಬಂದದ್ದು ಎಲ್ಲರಿಗೂ ಕಂಡಿತು. ಮಾವ ಮಾತ್ರ ಸಪ್ಪಗಾದರು. ಬೆಳಗಿನಿಂದ ಪಟ್ಟ ಪಾಡು ಸಾರ್ಥಕವಾಯಿತೆಂದು ಕೃಷ್ಣಪ್ರಸಾದನಿಗೆ ಕಣ್ಣು ತುಂಬಿ ಬಂದಿತು.

“ಗಾಡಿ ಚಲೋ ಐತ್ರಿ ಸರ. ಒಂದ್ಸಲ ಮೆಕ್ಯಾನಿಕ್ ಕಡೆ ತೋರಿಸಿಬಿಟ್ರ ಮುಗೀತು.”

“ಧಾರಾಳವಾಗಿ. ಇಲ್ಲೇ ಸರ್ಕಲ್ ಹತ್ರ ಒಳ್ಳೇ ಗ್ಯಾರೇಜಿದೆ.”

ಆದರ್ಶ್ ನಕ್ಕ. “ನಿಮಗ ಗೊತ್ತಿದ್ದ ಗ್ಯಾರೇಜು ನನಗ್ಯಾಕ್ರಿ? ಅವರು ನಿಮ್ಮ ಪರವಾಗೇ ಹೇಳ್ತಾರ. ನಾನೇ ಹುಡುಕ್ತೀನಿ. ಚಾವಿ ಕೊಡ್ರಿ.”

ಆದರ್ಶ್ ಸ್ಟಿಯರಿಂಗು ಹಿಡಿದ, ಕೃಷ್ಣಪ್ರಸಾದ ಪಕ್ಕದಲ್ಲಿ, ಮಾವ ಹಿಂದೆ. ಕಾರು ಆಟೋನಗರಕ್ಕೆ ಹೊರಳಿದಾಗ ಕೃಷ್ಣಪ್ರಸಾದ ಬೆವರಲಿಲ್ಲ. ಅಲ್ಲಿ ನೂರಾರು ಅಂಗಡಿ. ಆದರೆ ಆದರ್ಶ್ ಬೋರ್ಡು ಕಂಡಲ್ಲೆಲ್ಲ ತಲೆಯಾಡಿಸಿ ಮುಂದೆ ಹೋಗುತ್ತಿದ್ದ.

“ಇಲ್ಲೇ ನಿಲ್ಲಿಸಬಹುದಲ್ಲ” ಎಂದ ಕೃಷ್ಣಪ್ರಸಾದ.

“ಬೋರ್ಡ್ ಇದ್ದಲ್ಲಿ ನಿಮ್ಮ ಪರಿಚಯದವರು ಬಂದಿರ್ತಾರ್ರಿ. ಯಾರೂ ಹೋಗದಂಥಾ ಕಡೆ ಹೋಗೋಣು.”

ತನ್ನ ತಲೆಯನ್ನು ಬೇರೊಬ್ಬನ ಭುಜದ ಮೇಲೆ ಕಂಡಂತೆ ಕೃಷ್ಣಪ್ರಸಾದನಿಗೆ ದಿಗಿಲಾಯಿತು. ಕೊನೆಯ ಗಲ್ಲಿ ಬಂತು. ಎಮ್ಮೆಗಳು ಕಂಡವು. “ಅಲ್ಲಿ ಬೇಡ!” ಎಂದು ಅವನು ಕೂಗಿದ.

“ಯಾಕ್ ಬ್ಯಾಡ?” ಎಂದು ಆದರ್ಶ್ ಅವನನ್ನೇ ನೋಡುತ್ತ ಬ್ರೇಕು ಹಾಕಿದ. ಕಾರು ನಿಂತದ್ದು ಬೋರ್ಡಿಲ್ಲದ ಆ ಶೆಡ್ಡಿನ ಮುಂದೆಯೇ.

ವೆಂಕಟರಮಣ ಎದ್ದು ಬಂದ. ಕೃಷ್ಣಪ್ರಸಾದನನ್ನು ನೋಡಿದ ಅವನ ಕಣ್ಣಿನಲ್ಲಿ ಗುರುತಿನ ಒಂದು ಎಳೆಯೂ ಇರಲಿಲ್ಲ. ಅದನ್ನು ಕಂಡು ಕೃಷ್ಣಪ್ರಸಾದನಿಗೆ ಉಸಿರು ಬಂತು. ಬದುಕಿನಲ್ಲಿ ಮೊದಲ ಬಾರಿಗೆ ಒಬ್ಬ ಮೆಕ್ಯಾನಿಕ್ಕಿನ ಮೇಲೆ ಅವನಿಗೆ ಪ್ರೀತಿ ಹುಟ್ಟಿತು.

ಆದರ್ಶ್ ತಾನೂ ಮೆಕ್ಯಾನಿಕ್ಕಿನ ಜೊತೆ ಕಾರಿನಡಿಗೆ ಹೋದ. ಒಳಗಿನಿಂದ ಅವನ ದನಿ ಬಂತು: “ತಳಾ ಎಲ್ಲಾ ಮಣ್ಣ ಹಿಡದೈತಿ. ಈ ಬೋಲ್ಟಿನ ಸುತ್ತ ಅಷ್ಟ ಯಾಕ ಪಳಪಳ ಅಂತೈತಿ?”

ವೆಂಕಟರಮಣ ಬೋಲ್ಟನ್ನು ಬೆರಳಿನಿಂದ ಸವರಿ ನೋಡಿದ. ಆಮೇಲೆ ನಿಧಾನವಾಗಿ ಹೊರಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಮೀಸೆಯ ಮೇಲೆಲ್ಲ ಅಸಹ್ಯ ತಂದುಕೊಂಡು ಕೇಳಿದ: “ಯಾವನು ಸಾರ್ ಈ ಗಾಡಿ ಮುಟ್ಟಿದ್ದು?”

“ಯಾಕ್ರಿ, ಏನಾಗೇತಿ?”

“ಥ್ರೆಡ್ಡು ಕಿತ್ತು ಯಾವನೋ ಕಾಯಿಲ್ ತುರುಕಿದಾನೆ. ಇಂಥಾ ಕೆಲಸ ಮಾಡೋನ ಕೈಗೆ ಸ್ಪ್ಯಾನರ್ ಅಲ್ಲ, ಚಮಚಾನೂ ಕೊಡಬಾರದು. ಬೋಲ್ಟೇ ಹಿಂಗೈತೆ ಅಂದ್ರೆ ಎಂಜಿನ್ ಒಳಗೆ ಏನೇನು ಮಾಡಿದಾನೋ ಆ ದುರ್ಗಮ್ಮಗೇ ಗೊತ್ತು.”

ಆದರ್ಶನ ಮುಖ ಬಿಗಿಯಾಯಿತು. “ಎಂಜಿನ್ ಬಿಚ್ಚಿಲ್ಲ ಅಂದಿದ್ರೆಲ್ರಿ ಸರ?”

ಕೃಷ್ಣಪ್ರಸಾದನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡಂತಾಯಿತು. ಗುಟ್ಟು ನುಂಗಿದರೆ ಕಾರು ಹೋಯಿತು, ಉಗುಳಿದರೆ ಮಾನ ಹೋಯಿತು. ಮಾನಕ್ಕಿಂತ ಕಾರು ದೊಡ್ಡದೆಂದು ತೀರ್ಮಾನಿಸಿ ಬಾಯಿಬಿಟ್ಟ. “ನೋಡಿ ಆದರ್ಶ್, ನಿಜ ಹೇಳಿಬಿಡ್ತೀನಿ. ಬೆಳಿಗ್ಗೆ ನಾನೇ ಜಾಸ್ತಿ ಬಿಗಿದು ಥ್ರೆಡ್ಡು ಹೋಯ್ತು. ಇಲ್ಲೇ, ಇವರ ಹತ್ರಾನೇ ರಿಪೇರಿ ಮಾಡಿಸಿದ್ದು. ಎಂಜಿನ್ ಮುಟ್ಟೇ ಇಲ್ಲ. ಹೇಳ್ರೀ ವೆಂಕಟರಮಣ!”

ವೆಂಕಟರಮಣ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. “ಯಾರು ಸಾರ್ ನೀವು?”

“ಅಯ್ಯೋ! ಬೆಳಿಗ್ಗೆ ಇಬ್ಬರೂ ಇದರಡಿ ಮಲಗಿರಲಿಲ್ವೇನ್ರೀ! ಈಗ ಹೇಳಬಹುದು, ನಾನೇ ಹೇಳ್ತಿದೀನಿ, ಹೇಳಿ!”

“ನಿಮ್ಮನ್ನ ನಾನು ಇದೇ ಮೊದಲು ನೋಡ್ತಿರೋದು” ಎಂದ ವೆಂಕಟರಮಣ, ಬಂಡೆಯಂತೆ ನಿಂತು.

“ಮತ್ತೆ ಇವರ ಹೆಸರು ನನಗೆ ಹೇಗೆ ಗೊತ್ತು? ಕೇಳಿ ಆದರ್ಶ್! ಇವರ ಹೆಂಡತಿ ಸಿರಗುಪ್ಪದವರು!”

“ಸಾರ್, ಮನೆ ಹೆಣ್ಣುಮಕ್ಕಳ ವಿಷಯ ತೆಗೀಬೇಡಿ” ಎಂದು ವೆಂಕಟರಮಣ ಗುಡುಗಿದ.

ಆದರ್ಶ್ ಕಾರಿನೊಳಗಿನಿಂದ ತನ್ನ ಬ್ಯಾಗು ತೆಗೆದುಕೊಂಡ. “ಕನ್ನಡದವರ ಗಾಡಿ ಅಂತ ನಂಬಿ ಬಂದಿದ್ದೆ ಸರ. ಶುಕ್ರವಾರದ ರಂಗೋಲಿ ಅಂದ್ರಿ, ಅಲ್ಲಿ ಬ್ಯಾಡ ಅಂದ್ರಿ, ಈಗ ಕಂಡರಿಯದ ಮನಷ್ಯಾನ ಮ್ಯಾಲ ಹಾಕಾಕತ್ತೀರಿ. ಸಮುದ್ರದ ತುಕ್ಕೇ ಚಲೋ ಬಿಡ್ರಿ” ಎಂದವನೇ ಎದುರು ಬಂದ ಆಟೋ ಹತ್ತಿ ಸ್ಟೇಷನ್ನಿಗೆ ಹೊರಟುಹೋದ.

ಆಟೋ ತಿರುವು ದಾಟುವ ತನಕ ವೆಂಕಟರಮಣ ಕಾದ. ಗಲ್ಲಿಯ ಎರಡೂ ಕಡೆ ನೋಡಿ, ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದ: “ಹೆಂಗೈತೆ ಸಾರ್? ಒಂದು ಮಾತು ಹೊರಗೆ ಬಂತಾ?”

ಕೃಷ್ಣಪ್ರಸಾದನಿಗೆ ಅಳಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. “ಗೊತ್ತಿಲ್ಲ ಅಂದಿದ್ರೆ ಸಾಕಾಗಿತ್ತಲ್ಲಯ್ಯಾ! ಬೈದಿದ್ದು ಯಾಕೆ? ಕೆಲಸ ಚೆನ್ನಾಗಿದೆ ಅಂತಾದರೂ ಹೇಳಬಾರದಿತ್ತಾ?”

“ಚೆನ್ನಾಗೈತೆ ಅಂದ್ರೆ ಸಿಕ್ಕಿಹಾಕ್ಕೊಳಲ್ವಾ ಸಾರ್? ಇನ್ನೊಬ್ಬ ಮೆಕ್ಯಾನಿಕ್ಕಿನ ಕೆಲಸ ಚೆನ್ನಾಗೈತೆ ಅಂತ ಯಾವ ಮೆಕ್ಯಾನಿಕ್ಕಾದರೂ ಹೇಳ್ತಾನಾ? ಹೊಗಳಿದ್ರೆ ನಂದೇ ಕೆಲಸ ಅಂತ ಅವರಿಗೆ ಡೌಟು ಬರ್ತಿತ್ತು.” ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. “ನಾಳೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬನ್ನಿ. ಇದೇ ಮಾತು ಹೇಳ್ತೀನಿ.”

ಹಿಂದಿನಿಂದ ಹಾರ್ನ್ ಕೇಳಿಸಿತು. ಮಾವ ದಕ್ಷಿಣಾಮೂರ್ತಿ ಯಾವ ಮಾಯದಲ್ಲೋ ಹಿಂದಿನ ಸೀಟಿನಿಂದ ಇಳಿದು ಸ್ಟಿಯರಿಂಗಿನ ಮುಂದೆ ಕುಳಿತಿದ್ದರು. ಸೀಟನ್ನು ತಮ್ಮ ಕಾಲ ಉದ್ದಕ್ಕೆ ಸರಿಸಿಕೊಂಡಿದ್ದರು. ಈಗ ಕನ್ನಡಿಯನ್ನು ತಮ್ಮ ಮುಖದ ಎತ್ತರಕ್ಕೆ ತಿರುಗಿಸಿಕೊಳ್ಳುತ್ತಿದ್ದರು.

“ಆ ಹುಡುಗ ನಂಬದಿದ್ರೆ ಪರ್ವಾಲೇದು ಅಲ್ಲುಡುಗಾರೂ, ನೀವು ಹೇಳಿದ್ದೆಲ್ಲ ನಾನು ನಂಬ್ತೀನಿ. ಎಂಜಿನ್ನಿಗೆ ಏನೂ ಆಗಿಲ್ಲ” ಎಂದು ಅವರು ಎಡಗಡೆಯ ಬಾಗಿಲು ತೆರೆದರು. “ಹತ್ತಿ, ಹತ್ತಿ. ಮನೆವರೆಗೂ ಬಿಡ್ತೀನಿ.”